ಪುಟ್ಟಿಯ ಹಳದಿ ಬಟನ್ನು: ಮಾತಾಡೋ ಡಬ್ಬ ಕಟ್ಟಿದ್ದು, ಕೆಟ್ಟಿದ್ದು, ರಿಪೇರಿ ಮಾಡಿದ್ದು

ಹಾಸನದ ಪ್ಲಂಬಿಂಗ್ ಸಾಮಾನಿನ ಅಂಗಡೀಲಿ 110 ಎಂಎಂದು ಒಂದು ಎಂಡ್ ಕ್ಯಾಪು, 90 ಎಂಎಂದು ಒಂದು ಎಂಡ್ ಕ್ಯಾಪು ಕೊಡಿ ಅಂದೆ, ಅವ್ರು ಮಧ್ಯಕ್ಕೆ ರೆಡ್ಯೂಸರ್ ಬೇಡ್ವಾ ಅಂದ್ರು. ಪೈಪಿಗಲ್ಲ ಅಣ್ಣ, ನಮ್ಮಕ್ಕನ ಮಗಳಿಗೆ ಕೈಲಿ ಒತ್ತೋ ಬಟನ್ ಮಾಡ್ತಿದೀನಿ, ಅವಳಿಗೆ ಮಾತು ಬರಲ್ಲ ಅಂತ ಹೇಳ್ದೆ. ಮುಂದಿನ ವಾರ ಬೇರೆ ಏನೋ ತಗೊಳಕ್ಕೆ ಹೋದಾಗ ಅವ್ರೇ ಕೇಳಿದ್ರು, ಮಗು ಒತ್ತುತ್ತಾ ಅಂತ. ಆಗಿನ್ನೂ ಒತ್ತಿರ್ಲಿಲ್ಲ. ಈಗ ಒತ್ತುತ್ತಾಳೆ. ಏನೇನ್ ಮಾಡ್ದೆ, ಎಲ್ಲೆಲ್ಲಿ ಕೆಟ್ಟೋಯ್ತು ಎಲ್ಲ ಬರ್ದಿಡ್ತೀನಿ, ಇನ್ಯಾರಾದ್ರೂ ಮನೇಲಿ ಇಂಥ ಮಗು ಇದ್ರೆ ನಾನು ತಪ್ಪು ಮಾಡಿ ಕಲ್ತಿದ್ದು ಅವ್ರಿಗೆ ಮೊದ್ಲೇ ಸಿಗ್ಲಿ.

ನಂದು ಹಾಸನದಲ್ಲಿ ಮಿಕ್ಸಿ, ಪಂಪ್‌ಸೆಟ್ಟು ಮೋಟ್ರು ವೈಂಡಿಂಗ್ ಕೆಲಸ. ಅಕ್ಕನ ಮನೆ ಸಕಲೇಶಪುರದ ಆಚೆ, ತೋಟದ ಕಡೆ. ಪುಟ್ಟಿಗೆ ಈಗ ಹತ್ತು ವರ್ಷ, ಹುಟ್ಟಿದಾಗಿಂದ ಸೆರೆಬ್ರಲ್ ಪಾಲ್ಸಿ. ಅವಳ ಕೈಕಾಲು ಅವಳ ಮಾತು ಕೇಳಲ್ಲ, ಎಡಗೈ ಎತ್ಬೇಕು ಅನ್ಕೊಂಡ್ರೆ ಮೈಯೆಲ್ಲ ಬಿಗಿಯಾಗುತ್ತೆ, ಬಾಯಿಂದ ಶಬ್ದ ಬರುತ್ತೆ ಆದ್ರೆ ಮಾತಾಗಿ ಬರಲ್ಲ. ಅರ್ಥ ಮಾತ್ರ ಎಲ್ಲಾ ಆಗುತ್ತೆ. ಹೌದು ಅಂದ್ರೆ ಕಣ್ಣು ಮೇಲಕ್ಕೆ ಎತ್ತುತ್ತಾಳೆ, ಇಲ್ಲ ಅಂದ್ರೆ ಮುಖ ಪಕ್ಕಕ್ಕೆ. ಈ ಕಣ್ಣಿನ ಹೌದು ಇದ್ಯಲ್ಲ, ಅದೇ ಮುಂದೆ ಎಲ್ಲಕ್ಕೂ ಆಧಾರ ಆಯ್ತು, ಆದ್ರೆ ಅದು ಮನೆಯವ್ರಿಗೆ ಮಾತ್ರ ಗೊತ್ತು, ಹೊರಗಿನವ್ರು ನೋಡಿದ್ರೆ ಮಗು ಸುಮ್ನೆ ಮೇಲೆ ನೋಡ್ತಿದೆ ಅನ್ಕೋತಾರೆ.

ಶುರುವಾಗಿದ್ದು ರಿಪೇರಿಯಿಂದ. ಕೆಲವು ವರ್ಷದ ಹಿಂದೆ ಒಂದು ಕ್ಯಾಂಪಲ್ಲಿ ಅವಳಿಗೆ ಒಂದು ಮಾತಾಡೋ ಬಟನ್ ಕೊಟ್ಟಿದ್ರು. ನಮ್ ಧ್ವನಿ ಹತ್ತು ಸೆಕೆಂಡು ರೆಕಾರ್ಡ್ ಮಾಡಿಟ್ರೆ ಒತ್ತಿದಾಗ ಅದನ್ನೇ ಹೇಳೋದು. ಮೂರು ತಿಂಗಳಿಗೆ ನಿಂತೋಯ್ತು, ಎಲ್ಲಿ ತೋರಿಸ್ಬೇಕು ಅಂತ ಯಾರೂ ಹೇಳಿರ್ಲಿಲ್ಲ, ಅಕ್ಕ ಅದನ್ನ ಬೀರು ಮೇಲೆ ಇಟ್ಬಿಟ್ಟಿದ್ಲು. ನಾನು ಹಬ್ಬಕ್ಕೆ ಹೋದಾಗ ಬಿಚ್ಚಿದ್ರೆ ಸರ್ಕ್ಯೂಟು ಚೆನ್ನಾಗೇ ಇದೆ, ಬಟನ್ನಿಂದ ಡಬ್ಬಕ್ಕೆ ಹೋಗೋ ವೈರು ಪಿನ್ನಿನ ಬುಡದಲ್ಲಿ ಒಳಗೇ ತುಂಡಾಗಿದೆ, ಮೇಲಿನ ಸಿಪ್ಪೆ ಮಾತ್ರ ಹಾಗೇ ಇದೆ. ಮಲ್ಟಿಮೀಟರ್ ಕಂಟಿನ್ಯೂಟಿಗೆ ಹಾಕಿ ವೈರು ಅಲ್ಲಾಡ್ಸಿದ್ರೆ ಬೀಪ್ ಬಂದು ಬಂದು ಹೋಗ್ತಿತ್ತು. ಹೊಸ 3.5 ಎಂಎಂ ಮೋನೊ ಜಾಕು (ಇಯರ್‌ಫೋನ್ ಪಿನ್ನಿನ ಥರದ್ದು, ಎರಡೇ ತಂತಿದು) ಹಾಕಿ, ಬುಡದಲ್ಲಿ ಎರಡು ಪದರ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಬಿಗಿಯೋ ಪ್ಲಾಸ್ಟಿಕ್ ಕೊಳವೆ) ಹಾಕಿ, ವೈರನ್ನ ಡಬ್ಬದ ಒಳಗೆ ಒಂದು ಗಂಟು ಹಾಕ್ದೆ, ಎಳೆದ್ರೆ ಬೆಸುಗೆ ಮೇಲೆ ಭಾರ ಬೀಳ್ದೆ ಗಂಟಿನ ಮೇಲೆ ಬೀಳ್ಲಿ ಅಂತ. ಇಪ್ಪತ್ತು ರೂಪಾಯಿ ಖರ್ಚು. ಈ ಇಪ್ಪತ್ತು ರೂಪಾಯಿ ಕೆಲಸಕ್ಕೆ ಒಂದೂವರೆ ವರ್ಷ ಆ ಮಗು ಬಾಯಿ ಮುಚ್ಕೊಂಡಿತ್ತಲ್ಲ ಅಂತ ನಂಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಸಾಧನ ಕೊಡೋರು ಜೊತೆಗೆ ಒಂದು ಸ್ಪೇರ್ ವೈರು, ರಿಪೇರಿಗೆ ಒಂದು ಫೋನ್ ನಂಬರ್ ಕೊಡ್ಲೇಬೇಕು, ಇದನ್ನ ನಾನು ಎಲ್ರಿಗೂ ಹೇಳ್ತೀನಿ.

ಈ 3.5 ಎಂಎಂ ಜಾಕಿನ ವಿಷ್ಯ ತಿಳ್ಕೊಂಡ್ರೆ ಒಳ್ಳೇದು. ಅಂಗವಿಕಲರಿಗೆ ಅಂತ ಬರೋ ಬಟನ್ನುಗಳೆಲ್ಲ, ಯಾವ ದೇಶದ್ದಾದ್ರೂ, ಹೆಚ್ಚುಕಮ್ಮಿ ಇದೇ ಮೋನೊ ಜಾಕಿಗೇ ಬರೋದು. ಒತ್ತಿದ್ರೆ ಎರಡು ತಂತಿ ಸೇರುತ್ತೆ, ಬಿಟ್ರೆ ಬಿಡುತ್ತೆ, ಅಷ್ಟೇ, ಕಾಲಿಂಗ್ ಬೆಲ್ ಸ್ವಿಚ್ ಥರ. ಹಂಗಾಗಿ ನಾವು ಮನೇಲಿ ಮಾಡೋ ಬಟನ್ನಿಗೂ ಅದೇ ಜಾಕು ಹಾಕ್ಬಿಟ್ರೆ ಮುಂದೆ ಯಾವ ಮೆಷಿನ್ ಬಂದ್ರೂ ಅದಕ್ಕೇ ಚುಚ್ಬಹುದು. ಸ್ಟೀರಿಯೋ ಜಾಕ್ ಹಾಕ್ಬೇಡಿ, ಮೋನೊ ಸಾಕೆಟ್ಟಿಗೆ ಹೋದಾಗ ಒಂದೊಂದ್ಸಲ ಸೇರುತ್ತೆ ಒಂದೊಂದ್ಸಲ ಇಲ್ಲ, ತಲೆ ಕೆಟ್ಟೋಗುತ್ತೆ.

ಆ ಬಟನ್ ರಿಪೇರಿ ಆದ ಮೇಲೆ ಗೊತ್ತಾಗಿದ್ದು, ಒಂದು ಮಾತು ಸಾಕಾಗಲ್ಲ. ಟ್ಯಾಬ್ ಪ್ರಯತ್ನ ಪಟ್ವಿ. ಐಐಟಿ ಬಾಂಬೆಯವ್ರ ಜೆಲ್ಲೋ ಅಂತ ಫ್ರೀ ಆಪ್ ಇದೆ, ಚೆನ್ನೈನವ್ರದ್ದು ಆವಾಜ್ ಅಂತ ಇದೆ, ಚಿತ್ರ ಮುಟ್ಟಿದ್ರೆ ಮಾತಾಡುತ್ತೆ, ಬೆರಳು ಸರಿಯಾಗಿ ಓಡೋ ಮಕ್ಕಳಿಗೆ ಅವು ನಿಜವಾಗ್ಲೂ ಒಳ್ಳೇವು, ಮೊದ್ಲು ಅದನ್ನೇ ನೋಡಿ. ಪುಟ್ಟಿಗೆ ಆಗ್ಲಿಲ್ಲ. ಒಂದು ಬೆರಳು ಮುಟ್ಟಕ್ಕೆ ಹೋದ್ರೆ ಅಂಗೈ ಪೂರ್ತಿ ಬೀಳುತ್ತೆ, ಸ್ಕ್ರೀನು ಜಾರುತ್ತೆ, ನಾಲ್ಕು ಚಿತ್ರ ಒಟ್ಟಿಗೆ ಒತ್ತುತ್ತೆ. ಆಂಡ್ರಾಯ್ಡ್ ಫೋನಲ್ಲಿ ಸ್ವಿಚ್ ಆಕ್ಸೆಸ್ ಅಂತ ಒಂದಿದೆ, ಹೊರಗಿನ ಬಟನ್ನಿಂದ ಸ್ಕ್ರೀನು ನಡೆಸ್ಬಹುದು, ಅದು ಮುಂದಿನ ಹೆಜ್ಜೆ. ಮೊದ್ಲು ಬಟನ್ ಒತ್ತೋದು ಕೈಗೆ ಕೂರ್ಬೇಕು.

ಸರಿ, ಬಟನ್. 110ರ ಕ್ಯಾಪು ಕೆಳಗೆ ಬಟ್ಟಲಿನ ಥರ, 90ರ ಕ್ಯಾಪು ಅದರೊಳಗೆ ಬೋರಲು, ಅದೇ ಒತ್ತೋ ಭಾಗ. ಮೇಲೆ ಹಳದಿ ಪೇಂಟು. ಒಳಗಿಂದು ಆಚೆ ಬಿದ್ದೋಗದ ಹಾಗೆ ಹೊರಗಿನ ಕ್ಯಾಪಿನ ಗೋಡೇಲಿ ಮೂರು ಕಡೆ ಉದ್ದ ಸೀಳು ತೂತು, ಒಳಗಿನ ಕ್ಯಾಪಿಗೆ ಮೂರು 3 ಎಂಎಂ ಬೋಲ್ಟು, ಬೋಲ್ಟು ಸೀಳಲ್ಲಿ ಮೇಲೆ ಕೆಳಗೆ ಓಡಾಡುತ್ತೆ. ಮಧ್ಯದಲ್ಲಿ ಒಂದು ಲಿವರ್ ಇರೋ ಮೈಕ್ರೋಸ್ವಿಚ್ಚು, ಅಂದ್ರೆ ಸ್ವಲ್ಪ ಒತ್ತಿದ್ರೂ ಸೇರೋ ಪುಟ್ಟ ಸ್ವಿಚ್ಚು, ಕೂರಿಸ್ದೆ. ನನ್ ಕೈಲಿ ಒತ್ತಿದ್ರೆ ಟಕ್ ಟಕ್ ಅಂತ ಚೆನ್ನಾಗಿ ಕೆಲಸ ಮಾಡ್ತಿತ್ತು, ಖುಷಿಯಾಗಿ ಬಸ್ಸು ಹತ್ತಿ ತಗೊಂಡ್ ಹೋದೆ. ಪುಟ್ಟಿ ಒತ್ತಿದ್ಲು, ಏನೂ ಆಗ್ಲಿಲ್ಲ. ಮತ್ತೆ ಒತ್ತಿದ್ಲು, ಇಲ್ಲ. ನಾಲ್ಕನೇ ಸಲಕ್ಕೆ ಅವಳ ಮುಖ ನೋಡಕ್ಕಾಗ್ಲಿಲ್ಲ ನಂಗೆ. ಆಮೇಲೆ ಫೋನಲ್ಲಿ ವಿಡಿಯೋ ತೆಗೆದು ನಿಧಾನಕ್ಕೆ ಓಡ್ಸಿ ನೋಡಿದ್ರೆ, ನಾವು ಒತ್ತೋದು ಮಧ್ಯಕ್ಕೆ, ಅವಳ ಮುಷ್ಟಿ ಬೀಳೋದು ಯಾವಾಗ್ಲೂ ಅಂಚಿಗೆ. ಅಂಚಿಗೆ ಬಿದ್ದಾಗ ಮುಚ್ಚಳ ಒಂದು ಕಡೆ ವಾಲುತ್ತೆ, ಮಧ್ಯದ ಸ್ವಿಚ್ಚು ಹಾಗೇ ಉಳಿಯುತ್ತೆ.

ಮೂರು ಮೈಕ್ರೋಸ್ವಿಚ್ಚು ತಂದು ಗಡಿಯಾರದಲ್ಲಿ ಹನ್ನೆರಡು, ನಾಲ್ಕು, ಎಂಟು ಇರೋ ಜಾಗಕ್ಕೆ ಒಂದೊಂದು ಕೂರಿಸಿ ಮೂರನ್ನೂ ಪ್ಯಾರಲಲ್ ಮಾಡ್ದೆ, ಕಾಮನ್ ಎಲ್ಲಾ ಒಂದು ತಂತಿಗೆ, ನಾರ್ಮಲಿ ಓಪನ್ (ಒತ್ತಿದಾಗ ಮಾತ್ರ ಸೇರೋ ಪಿನ್ನು) ಎಲ್ಲಾ ಇನ್ನೊಂದು ತಂತಿಗೆ. ಈಗ ಎಲ್ಲಿ ಬಿದ್ರೂ ಯಾವ್ದಾದ್ರೂ ಒಂದು ಸೇರೇ ಸೇರುತ್ತೆ. ಮಧ್ಯದಲ್ಲಿ ಹಳೇ ಯೋಗಾ ಮ್ಯಾಟಿನ ಎರಡು ತುಂಡು, ಮೆತ್ತಗೆ ವಾಪಸ್ ಬರ್ಲಿ ಅಂತ. ಎಷ್ಟು ಭಾರಕ್ಕೆ ಒತ್ಬೇಕು ಅನ್ನೋದನ್ನ ಪಕ್ಕದ ದಿನಸಿ ಅಂಗಡಿಯಿಂದ ತೂಕದ ಬಟ್ಟು ಇಸ್ಕೊಂಡು ಬಂದು ನೋಡ್ದೆ: 100 ಗ್ರಾಂ ಇಟ್ರೆ ಸುಮ್ನಿರ್ಬೇಕು, 200 ಇಟ್ರೆ ಟಕ್ ಅನ್ಬೇಕು. ಮ್ಯಾಟಿನ ತುಂಡು ಕತ್ತರಿಸ್ತಾ ಕತ್ತರಿಸ್ತಾ ಅಲ್ಲಿಗೆ ತಂದೆ. ಆ ಟಕ್ ಸದ್ದು ಕೂಡ ಮುಖ್ಯ ಅಂತ ಆಮೇಲೆ ಗೊತ್ತಾಯ್ತು, ಒತ್ತಿದ್ದು ತಗುಲಿತು ಅಂತ ಅವಳಿಗೆ ಕೈಗೂ ಕಿವಿಗೂ ಗೊತ್ತಾಗುತ್ತೆ, ಇಲ್ದಿದ್ರೆ ಇನ್ನೂ ಜೋರಾಗಿ ಒತ್ತಕ್ಕೆ ಹೋಗಿ ಮೈ ಬಿಗಿ ಮಾಡ್ಕೋತಾಳೆ.

ಒಳಗಿನ ಮೆಷಿನ್ನು ದೊಡ್ಡದೇನಲ್ಲ. ಆರ್ಡುಯಿನೊ ನ್ಯಾನೊ, ಅಂದ್ರೆ ಲ್ಯಾಪ್‌ಟಾಪಿಂದ ಪ್ರೋಗ್ರಾಂ ಬರ್ದು ಹಾಕೋ ಪುಟ್ಟ ಬೋರ್ಡು ಒಂದು, ಡಿಎಫ್‌ಪ್ಲೇಯರ್ ಮಿನಿ ಅಂತ ಹೆಬ್ಬೆರಳಿನಷ್ಟು ಎಂಪಿ3 ಬೋರ್ಡು ಒಂದು, ಅದಕ್ಕೆ ಮೆಮೊರಿ ಕಾರ್ಡು, ಹಳೇ ಟಿವಿಯಿಂದ ಬಿಚ್ಚಿದ 8 ಓಮ್ ಸ್ಪೀಕರು. ಬಟನ್ ಸೇರಿದ್ರೆ ನ್ಯಾನೊಗೆ ಗೊತ್ತಾಗುತ್ತೆ, ಅದು ಪ್ಲೇಯರಿಗೆ ಇಷ್ಟನೇ ನಂಬರ್ ಹಾಡು ಅನ್ನುತ್ತೆ. ಮೂರು ಬಟನ್, ಮೂರು ಮಾತು.

ಕರೆಂಟಿಗೆ ಮೊದ್ಲು ಪವರ್ ಬ್ಯಾಂಕ್ ಹಾಕ್ದೆ, ಅರ್ಧ ನಿಮಿಷಕ್ಕೆ ಆಫ್. ಮತ್ತೆ ಆನ್ ಮಾಡಿದ್ರೆ ಮತ್ತೆ ಆಫ್. ಕಾರಣ ಏನಂದ್ರೆ ನಮ್ ಡಬ್ಬ ಸುಮ್ನಿದ್ದಾಗ ಎಳೆಯೋ ಕರೆಂಟು ತೀರಾ ಕಡಿಮೆ, ಫೋನ್ ಚಾರ್ಜ್ ಆಗೋಯ್ತು ಅನ್ಕೊಂಡು ಪವರ್ ಬ್ಯಾಂಕು ತಾನೇ ನಿದ್ದೆ ಮಾಡುತ್ತೆ. ಹಾಗಾಗಿ 18650 ಅನ್ನೋ ಚಾರ್ಜ್ ಆಗೋ ಲಿಥಿಯಂ ಸೆಲ್ಲು ಹೋಲ್ಡರಲ್ಲಿ, ಚಾರ್ಜ್ ಮಾಡಕ್ಕೆ ಪ್ರೊಟೆಕ್ಷನ್ ಇರೋ ಟಿಪಿ 4056 ಬೋರ್ಡು, 5 ವೋಲ್ಟಿಗೆ ಏರಿಸಕ್ಕೆ ಎಂಟಿ 3608 ಬೂಸ್ಟ್ ಬೋರ್ಡು. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕ್ಬೇಡಿ, ಊದಿರೋ ಸೆಲ್ಲು ಮಗು ಹತ್ರ ಇಡ್ಲೇಬೇಡಿ, ಪ್ರೊಟೆಕ್ಷನ್ ಇಲ್ದಿರೋ ಬೋರ್ಡಿಗೆ ಹತ್ತು ರೂಪಾಯಿ ಕಡಿಮೆ ಅಂತ ಆಸೆ ಪಡ್ಬೇಡಿ.

ಇಲ್ಲೇ ನಾನು ಒಂದು ಪ್ಲೇಯರ್ ಸುಟ್ಟಿದ್ದು. ಆ ಬೂಸ್ಟ್ ಬೋರ್ಡಲ್ಲಿ ಹಿತ್ತಾಳೆ ಬಣ್ಣದ ಒಂದು ಪುಟ್ಟ ಸ್ಕ್ರೂ ಇರುತ್ತೆ, ಅದನ್ನ ತಿರುಗಿಸಿ ವೋಲ್ಟೇಜ್ ಸೆಟ್ ಮಾಡ್ಬೇಕು, ಬರೋವಾಗ ಅದು ಎಲ್ಲೋ ಮೇಲೇ ಇರುತ್ತೆ, ಅದು 28 ವೋಲ್ಟ್ ತನಕ ಕೊಡೋ ಬೋರ್ಡು. ರಾತ್ರಿ ಹನ್ನೊಂದಕ್ಕೆ ಮೀಟರ್ ಹಿಡೀದೆ ಜೋಡಿಸ್ದೆ, ಪ್ಲೇಯರಿಂದ ಸಣ್ಣಗೆ ಹೊಗೆ, ಆ ವಾಸನೆ. ದಿನವೆಲ್ಲ ಮೋಟ್ರು ಕಟ್ಟೋನು ನಾನು, ಅಳತೆ ಮಾಡ್ದೆ ಕರೆಂಟ್ ಕೊಡಬಾರ್ದು ಅಂತ ಹುಡುಗ್ರಿಗೆ ಹೇಳ್ಕೊಡೋನು, ಅವಸರ ಮಾಡ್ದೆ. ಹೊಸ ಬೋರ್ಡಿಗೆ ಏನೂ ಜೋಡಿಸ್ದೆ ಮೀಟರ್ ಹಾಕಿ ಸ್ಕ್ರೂ ಎಡಕ್ಕೆ ತಿರುಗಿಸ್ತಾ ಹೋದೆ, ಹತ್ತು ಸುತ್ತಾದ್ರೂ ಅಲ್ಲಾಡಲ್ಲ, ಕೆಟ್ಟೋಗಿದೆ ಅನ್ಕೋಬೇಡಿ, ಆಮೇಲೆ ಇಳಿಯಕ್ಕೆ ಶುರುವಾಗುತ್ತೆ. 5.0ಕ್ಕೆ ತಂದು ಸ್ಕ್ರೂ ಮೇಲೆ ಒಂದು ಹನಿ ನೈಲ್ ಪಾಲಿಶ್.

ಇನ್ನು ಮೂರು ಸಣ್ಣ ಕಾಟ. ಸ್ಪೀಕರಲ್ಲಿ ಸದಾ ಗುಯ್ ಅನ್ನೋ ಸದ್ದು, ನ್ಯಾನೊದಿಂದ ಪ್ಲೇಯರಿನ ಆರ್‌ಎಕ್ಸ್ ಪಿನ್ನಿಗೆ ಹೋಗೋ ತಂತೀಲಿ 1 ಕಿಲೋ ಓಮ್ ರೆಸಿಸ್ಟರ್ ಹಾಕಿದ್ಮೇಲೆ ಹೋಯ್ತು. ಸೌಂಡ್ ಜೋರಾದ್ರೆ ನ್ಯಾನೊ ರೀಸೆಟ್ ಆಗೋದು, 5 ವೋಲ್ಟ್ ಲೈನಿಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ಮೇಲೆ ನಿಂತಿತು. ಇನ್ನೊಂದು, ನೀರು ಒತ್ತಿದ್ರೆ ಬಾತ್‌ರೂಮ್ ಅನ್ನೋದು! ಬರೀ ನಂಬರ್ ಹೇಳಿದ್ರೆ ಈ ಪ್ಲೇಯರು ಫೈಲಿನ ಹೆಸರು ನೋಡಲ್ಲ, ಕಾರ್ಡಿಗೆ ಯಾವ್ದು ಮೊದ್ಲು ಕಾಪಿ ಆಯ್ತೋ ಅದೇ ಒಂದನೇದು. ಎಂಪಿ3 ಅನ್ನೋ ಹೆಸರಿನ ಫೋಲ್ಡರ್ ಮಾಡಿ, 0001, 0002 ಅಂತ ನಾಲ್ಕಂಕಿ ಹೆಸರು ಕೊಟ್ಟು, ಆ ಫೋಲ್ಡರಿಂದ ಹಾಡು ಅನ್ನೋ ಕಮಾಂಡ್ ಹಾಕಿದ್ರೆ ಸರಿ ಹೋಗುತ್ತೆ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು, ಇದರಲ್ಲೇ ನಾನು ಜಾಸ್ತಿ ತಪ್ಪು ಮಾಡಿದ್ದು. ಮೂರು ಮಾತು ಏನಿರ್ಬೇಕು? ಅಕ್ಕ, ಭಾವ, ನಾನು, ಅಜ್ಜಿ ಕೂತು ತೀರ್ಮಾನ ಮಾಡಿದ್ವಿ: ಹಸಿವು, ನೀರು, ಬಾತ್‌ರೂಮು. ನನ್ ಧ್ವನೀಲೇ ರೆಕಾರ್ಡು. ಮೊದಲ ದಿನ ಪುಟ್ಟಿ ಎಲ್ಲಾ ಒತ್ತಿ ನೋಡಿದ್ಲು, ಎರಡನೇ ದಿನ ಒಂದೆರಡು ಸಲ, ಮೂರನೇ ದಿನ ಮುಖ ತಿರುಗಿಸ್ಬಿಟ್ಲು. ಅಕ್ಕ ಫೋನ್ ಮಾಡಿ "ಯಾಕೋ ಅವಳಿಗೆ ಇಷ್ಟ ಇಲ್ಲ ಕಣೋ, ಬಿಡು ಪಾಪ, ನೀನೂ ಎಷ್ಟ್ ಓಡಾಡ್ತೀಯ" ಅಂದ್ಲು. ನಂಗೂ ಹಾಗೇ ಅನ್ನಿಸ್ತು. ಆದ್ರೆ ಸ್ಪೀಚ್ ಥೆರಪಿ ಮೇಡಂ ಒಬ್ರಿಗೆ ಹೇಳ್ದಾಗ ಅವ್ರು ಒಂದೇ ಪ್ರಶ್ನೆ ಕೇಳಿದ್ರು: ಹಸಿವು ನೀರು ಅವಳು ಹೇಳ್ದೇನೇ ನಿಮಗೆ ಗೊತ್ತಾಗುತ್ತಲ್ವಾ, ಮತ್ತೆ ಅದಕ್ಕೆ ಯಾಕೆ ಕೈ ನೋವು ಮಾಡ್ಕೋಬೇಕು ಅವಳು?

ನಿಜ ತಾನೆ. ಅಕ್ಕನಿಗೆ ಪುಟ್ಟಿ ಹಸಿವು ಮುಖ ನೋಡಿದ್ರೇ ಗೊತ್ತಾಗುತ್ತೆ. ಗೊತ್ತಾಗದೇ ಇರೋದು ಬೇರೆ. ನಾವೆಲ್ಲ ಮಾತಾಡ್ತಾ ಕೂತಾಗ ಅವಳ ಕುರ್ಚಿ ಗೋಡೆ ಕಡೆ, ನಮ್ ಮಾತು ಅವಳ ತಲೆ ಮೇಲಿಂದ ಹೋಗ್ತಿರುತ್ತೆ, ಅವಳಿಗೂ ಏನೋ ಹೇಳೋದಿರುತ್ತೆ, ಶಬ್ದ ಮಾಡಿದ್ರೆ "ಏನ್ ಪುಟ್ಟಿ, ನೀರಾ" ಅಂತೀವಿ. ನೀರಲ್ಲ. ಸೋ ಎಲ್ಲ ಅಳಿಸಿ ಹೊಸದಾಗಿ ಹಾಕಿದ್ವಿ, ಈ ಸಲ ಅವಳನ್ನೇ ಕೇಳಿ, ಒಂದೊಂದು ಮಾತೂ ಓದಿ ಹೇಳಿ, ಕಣ್ಣು ಮೇಲೆ ಹೋದ್ರೆ ಮಾತ್ರ. ಹಳದಿ ಬಟನ್ನಿಗೆ "ತಡೀರಿ, ನಂದೊಂದ್ ಮಾತಿದೆ". ಕೆಂಪಿಗೆ "ಬೇಡ ಅಂದ್ರೆ ಬೇಡ". ನೀಲಿಗೆ "ಇನ್ನೊಂದ್ಸಲ". ಬೇಡ ಅನ್ನೋದು ಬೇಕಾ ಅಂತ ಅಜ್ಜಿ ಕೇಳಿದ್ರು, ಹೇಳಿದ್ದಕ್ಕೆಲ್ಲ ಬೇಡ ಅಂತ ಹಠ ಕಲಿಯುತ್ತೆ ಅಂತ. ಹತ್ತು ವರ್ಷದ ಮಗು ಬೇಡ ಅನ್ನೋ ಹಕ್ಕಿಲ್ದೆ ಹೇಗೆ ಬೆಳೆಯೋದು ಅಜ್ಜಿ ಅಂದೆ. ಅಜ್ಜಿಗೆ ಇನ್ನೊಂದು ಭಯ, ಡಬ್ಬ ಮಾತಾಡಕ್ಕೆ ಶುರು ಮಾಡಿದ್ರೆ ಬಾಯಲ್ಲಿ ಬರೋ ಅಲ್ಪಸ್ವಲ್ಪನೂ ನಿಂತೋಗುತ್ತೆ ಅಂತ. ಈ ಭಯ ತುಂಬಾ ಮನೇಲಿದೆ. ಹಾಗಾಗಲ್ಲ. ಇಂಥ ಸಾಧನ ಬಳಸೋದ್ರಿಂದ ಮಾತು ಹಿಂದೆ ಬೀಳಲ್ಲ ಅಂತ ಈ ವಿಷಯದಲ್ಲಿ ಕೆಲಸ ಮಾಡೋರು ನೋಡಿ ಹೇಳಿರೋದು, ಕೆಲವು ಮಕ್ಕಳಲ್ಲಿ ಬಾಯಿ ಮಾತೂ ಜಾಸ್ತಿ ಆಗಿದೆ.

ಧ್ವನಿ ಕೂಡ ಬದಲಾಯ್ಸಿದ್ವಿ. ನಲವತ್ತು ವರ್ಷದ ಗಂಡಸಿನ ಗಂಟಲಲ್ಲಿ ಪುಟ್ಟಿ ಯಾಕೆ ಮಾತಾಡ್ಬೇಕು. ಫೋನಿನ ಕನ್ನಡ ಧ್ವನಿ ಹಾಕೋಣ ಅಂದ್ರೆ ಅದು ನ್ಯೂಸ್ ಓದಿದ ಹಾಗೆ ಇರುತ್ತೆ, ನಮ್ ಕಡೆ ಮಾತಲ್ಲ. ಪಕ್ಕದ ಮನೇಲಿ ಅವಳದ್ದೇ ಕ್ಲಾಸಿನ ಹುಡುಗಿ ಇದೆ, ಅವಳ ಕೈಲಿ ಹೇಳ್ಸಿದ್ವಿ, ಬೀರು ಬಾಗಿಲು ತೆಗೆದು ಬಟ್ಟೆಗಳ ಮಧ್ಯ ಫೋನ್ ಇಟ್ಟು ರೆಕಾರ್ಡ್ ಮಾಡಿದ್ರೆ ಎಕೋ ಬರಲ್ಲ. ಆ ಹುಡುಗಿ "ತಡೀರಿ" ಅನ್ನೋವಾಗ ಸ್ವಲ್ಪ ಜೋರು ಮಾಡಿ, ನಿಜವಾಗ್ಲೂ ಯಾರನ್ನೋ ತಡೆಯೋ ಹಾಗೆ ಅಂದ್ಲು. ಪುಟ್ಟಿ ಅದನ್ನ ಕೇಳಿ ನಕ್ಕಿದ್ದು ಆ ಡಬ್ಬದ ಮೊದಲ ನಗು.

ಆಮೇಲೂ ಒಂದು ವಾರ ಒದ್ದಾಟ, ಆದ್ರೆ ಅದು ಕೈದು. ಬಟನ್ನು ಕುರ್ಚಿ ಮುಂದಿನ ಮರದ ಹಲಗೆ ಮೇಲೆ ಮಟ್ಟಸವಾಗಿ ಇಟ್ಟಿದ್ದೆ, ಅವಳ ಕೈ ಪಕ್ಕದಿಂದ ಬೀಸಿ ಬರುತ್ತೆ, ಬಟನ್ ದಾಟಿ ಮುಂದೆ ಹೋಗುತ್ತೆ. ಆಚಾರಿ ಹತ್ರ ಇಳಿಜಾರು ಮರದ ತುಂಡು ಮಾಡ್ಸಿ ಬಟನ್ ಮುಖ ಅವಳ ಕಡೆ ಓರೆಯಾಗಿ ನಿಲ್ಲೋ ಹಾಗೆ ಎಡಗಡೆ ತುದಿಗೆ ತಂದೆ, ಈಗ ಕೈ ಬೀಸಿ ಬಂದು ಬಟನ್ನಿಗೇ ನಿಲ್ಲುತ್ತೆ. ಅಡೀಲಿ ಸೈಕಲ್ ಶಾಪಿಂದ ತಂದ ಹಳೇ ಟ್ಯೂಬಿನ ತುಂಡು ಅಂಟಿಸಿದ್ರೆ ಜಾರಲ್ಲ. ಕೆಂಪು ಬಟನ್ನು ಬಲ ಮಂಡಿ ಪಕ್ಕ ಹೋಯ್ತು, ಯಾಕಂದ್ರೆ ಬೇಡ ಅನ್ನೋವಾಗ ಅವಳು ಮಂಡಿ ಆಚೆ ತಳ್ಳೋದು ಮೊದ್ಲಿಂದ ಅಭ್ಯಾಸ. ಕುರ್ಚೀಲಿ ಸೊಂಟ ನೇರ ಕೂತಿಲ್ಲ ಅಂದ್ರೆ, ಪಾದ ಊರಿಲ್ಲ ಅಂದ್ರೆ ಯಾವ ಬಟನ್ನೂ ಕೆಲಸ ಮಾಡಲ್ಲ, ಕಾಲ ಕೆಳಗೆ ಒಂದು ಮಣೆ ಇಟ್ಟ ಮೇಲೆ ಕೈ ಅರ್ಧದಷ್ಟು ಸುಲಭ ಆಯ್ತು.

ಮತ್ತೆ ನಡುಗೋ ಕೈ. ಒಂದ್ಸಲ ಒತ್ತಕ್ಕೆ ಹೋದ್ರೆ ನಾಲ್ಕು ಸಲ ಬಡಿಯುತ್ತೆ, ಡಬ್ಬ "ತಡೀ ತಡೀ ತಡೀ" ಅಂತ ಮೊದಲಿಂದ ಶುರು ಮಾಡೋದು. ಪ್ಲೇಯರಲ್ಲಿ ಬಿಜಿ ಅಂತ ಒಂದು ಪಿನ್ ಇದೆ, ಹಾಡ್ತಿರೋವಾಗ ಅದು ಲೋ ಇರುತ್ತೆ, ಅದನ್ನ ನ್ಯಾನೊಗೆ ಕೊಟ್ಟು, ಮಾತು ಮುಗಿಯೋ ತನಕ ಯಾವ ಒತ್ತೂ ಲೆಕ್ಕಕ್ಕಿಲ್ಲ ಅಂತ ಬರ್ದೆ. ಕೈ ಬಟನ್ ಮೇಲೇ ಇದ್ರೂ ಒಂದೇ ಸಲ, ಎತ್ತಿ ಮತ್ತೆ ಒತ್ತಿದ್ರೆ ಮಾತ್ರ ಇನ್ನೊಂದು. ಸುಮ್ನೆ ಕೈ ತಾಗಿದ್ದು ಲೆಕ್ಕಕ್ಕೆ ಬರಬಾರ್ದು ಅಂತ ಅರ್ಧ ಸೆಕೆಂಡು ಒತ್ತಿ ಹಿಡೀಬೇಕು ಅಂತ ಮಾಡಿದ್ದೆ, ಅವಳಿಗೆ ಅಷ್ಟು ಹಿಡಿಯಕ್ಕಾಗ್ಲಿಲ್ಲ. 200 ಮಿಲಿಸೆಕೆಂಡಿಗೆ ಇಳಿಸ್ದೆ, ಸರಿ ಹೋಯ್ತು. ಆದ್ರೆ ಜ್ವರ ಬಂದ ದಿನ, ಸುಸ್ತಾದ ದಿನ ಅದೂ ಜಾಸ್ತಿ. ಪ್ರತಿ ಸಲ ನಾನು ಲ್ಯಾಪ್‌ಟಾಪ್ ಹಿಡ್ಕೊಂಡು ನಲವತ್ತು ಕಿಲೋಮೀಟರ್ ಹೋಗಕ್ಕಾಗಲ್ವಲ್ಲ, ಅದಕ್ಕೆ ಹಿಂದೆ ಒಂದು 10 ಕಿಲೋ ಓಮ್ ಪೊಟೆನ್ಶಿಯೋಮೀಟರ್ ಹಾಕಿ, ಫ್ಯಾನ್ ರೆಗ್ಯುಲೇಟರ್ ಥರ ಗುಬಟು ಕೊಟ್ಟೆ, 50ರಿಂದ 1000 ಮಿಲಿಸೆಕೆಂಡ್ ತನಕ ಅಕ್ಕನೇ ತಿರುಗಿಸ್ತಾಳೆ. ನಾನು ಕಟ್ಟಿದ್ದರಲ್ಲಿ ನಂಗೆ ಅತೀ ಸಮಾಧಾನ ಕೊಟ್ಟಿದ್ದು ಆ ಗುಬಟು.

ಕಲಿಸೋದು ಹೇಗೆ ಅಂದ್ರೆ, ಒತ್ತು ಒತ್ತು ಅಂತ ಕೈ ಹಿಡಿದು ಒತ್ತಿಸಬಾರ್ದು. ನಾವೇ ಒತ್ತಿ ಮಾತಾಡ್ಬೇಕು. ಭಾವ ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿಗೆ ನೀಲಿ ಬಟನ್ ಒತ್ತಿ "ಇನ್ನೊಂದ್ಸಲ" ಅನ್ನಿಸೋರು, ಅವಳ ಅಣ್ಣ ಟಿವಿ ಆಫ್ ಮಾಡಿದ್ರೆ ಕೆಂಪು ಒತ್ತೋನು. ಇದು ಮನೆಯವ್ರ ಮಾತೇ ಅಂತ ಅವಳಿಗೆ ಅನ್ನಿಸ್ಬೇಕು.

ಹನ್ನೊಂದನೇ ದಿನ ಅಂತೆ, ನಾನಿರ್ಲಿಲ್ಲ, ಅಕ್ಕ ಹೇಳಿದ್ದು. ನೆಂಟರು ಬಂದು ಜಗಲೀಲಿ ಕೂತು, ಈ ಮಗುವಿನ ಗತಿ ಮುಂದೇನು ಅಂತ ಅವಳ ಎದುರಿಗೇ ಶುರು ಮಾಡಿದ್ದಾರೆ. ಹಳದಿ ಬಟನ್ ಟಕ್ ಅಂತು. "ತಡೀರಿ, ನಂದೊಂದ್ ಮಾತಿದೆ." ಎಲ್ಲ ನಿಂತು ನೋಡಿದ್ರಂತೆ. ಅಕ್ಕ ಹತ್ರ ಕೂತು ಏನ್ ಪುಟ್ಟಿ, ನೆಂಟರ ವಿಷ್ಯನಾ ಅಂದ್ಲು, ಕಣ್ಣು ಮೇಲೆ. ಅವ್ರು ಹಾಗೆ ಮಾತಾಡೋದು ಬೇಡ್ವಾ, ಕಣ್ಣು ಮೇಲೆ, ಅದೂ ಸಾಲ್ದು ಅಂತ ಮಂಡೀಲಿ ಕೆಂಪು.

ಆ ಮಾತಿದೆ ಅಂದ ಮೇಲೆ ಯಾವ ಮಾತು ಅಂತ ಹುಡುಕಕ್ಕೆ ದಾರಿ ಬೇಕಲ್ಲ. ಇಲ್ಲಿ ಕರೆಂಟು ಬೇಡದ ಸಾಧನವೇ ಗೆದ್ದಿತು, ಒಂದು ಲ್ಯಾಮಿನೇಟ್ ಹಾಳೆ. ಬ್ಲಾಕ್ ಕಡೆಯಿಂದ ವಿಶೇಷ ಅಗತ್ಯದ ಮಕ್ಕಳಿಗೆ ಅಂತ ಬರೋ ಸಂಪನ್ಮೂಲ ಶಿಕ್ಷಕಿ, ಬಿಐಇಆರ್‌ಟಿ ಅಂತಾರಲ್ಲ, ಆ ಮೇಡಂ ಜೊತೆ ಕೂತು ಮಾಡಿದ್ದು. ನಮ್ ಕನ್ನಡ ವರ್ಣಮಾಲೆ ಇದೆಯಲ್ಲ, ವರ್ಗೀಯ ವ್ಯಂಜನ 25, ಐದು ಸಾಲು, ಸಾಲಿಗೆ ಐದು. ಸಾಲು ಹಿಡಿದು ಆಮೇಲೆ ಅಕ್ಷರ ಹಿಡಿಯೋದಕ್ಕೆ ಇದಕ್ಕಿಂತ ಒಳ್ಳೇ ಜೋಡಣೆ ಬೇಕಾ, ಸಾವಿರಾರು ವರ್ಷದ ಹಿಂದೇನೇ ನಮ್ಮೋರು ಬಾಯಿ ಒಳಗಿನ ಜಾಗದ ಪ್ರಕಾರ ಸಾಲು ಮಾಡಿಟ್ಟಿದ್ದಾರೆ. ಕೆಳಗೆ ಯ ರ ಲ ವ ಶ ಒಂದು ಸಾಲು, ಷ ಸ ಹ ಳ ಒಂದು ಸಾಲು, ಮೇಲೆ ಸ್ವರ. ನಾನು ಖ ಘ ಛ ಝ ಎಲ್ಲಾ ತೆಗೆದ್ಬಿಡೋಣ, ಮನೆ ಮಾತಲ್ಲಿ ಅಪರೂಪ, ಬೇಗ ಆಗುತ್ತೆ ಅಂದೆ. ಮೇಡಂ ಒಪ್ಪಲಿಲ್ಲ, ಕ್ಲಾಸ್ ಗೋಡೆ ಮೇಲಿರೋ ಚಾರ್ಟೇ ಇವಳ ಕೈಲೂ ಇರ್ಲಿ ಅಂದ್ರು. ಅವ್ರದ್ದೇ ಸರಿ.

ಅವಳ ಅಣ್ಣ ಬೆರಳಿಟ್ಟು ಕ ಸಾಲಾ, ಚ ಸಾಲಾ ಅಂತ ಕೇಳ್ತಾ ಹೋಗ್ತಾನೆ, ಕಣ್ಣು ಮೇಲೆ ಹೋದ ಸಾಲಲ್ಲಿ ಒಂದೊಂದೇ ಅಕ್ಷರ. ಮೊದಲ ಸಲ ಪೂರ್ತಿ ಬಂದಿದ್ದು ಒಂದು ಭಾನುವಾರ. ಒಂದನೇ ಸಾಲು, ಮೊದಲನೇದು: ಕ. ಮೂರನೇ ಸಾಲು, ಮೂರನೇದು: ಡ. ಐದನೇ ಸಾಲು, ಮೂರನೇದು: ಬ. ಕಡಬ? ಕಡಬ ಅಂದ್ರೇನು, ಊರಾ? ಮುಖ ಪಕ್ಕಕ್ಕೆ. ಅಜ್ಜಿ ಒಳಗಿಂದ ಬಂದು "ಅಯ್ಯೋ ಕಡುಬು ಕಣ್ರೋ, ಮಳೆಗೆ ಕಡುಬು ಕೇಳ್ತಿದೆ ಕೂಸು" ಅಂದ್ರು, ಕಣ್ಣು ಮೇಲಕ್ಕೆ, ಮೈ ಪೂರ್ತಿ ಮೇಲಕ್ಕೆ. ಏಳು ನಿಮಿಷ ಹಿಡೀತು. ಅಜ್ಜಿ ಆ ಹೊತ್ತಲ್ಲೇ ಅಕ್ಕಿತರಿ ಹುಡುಕಕ್ಕೆ ಹೋದ್ರು. ಗುಣಿತ ಬಿಟ್ಟು ಬರೀ ವ್ಯಂಜನ ಹಿಡಿದ್ರೂ ಮನೆಯವ್ರಿಗೆ ಸಾಕಾಗುತ್ತೆ ಅಂತ ಅವತ್ತು ಗೊತ್ತಾಯ್ತು, ಗುಣಿತದ ಸಾಲು ಆಮೇಲೆ ಸೇರಿಸಿದ್ವಿ.

ಇದನ್ನೇ ಮೆಷಿನ್ನಿಗೆ ಹಾಕೋಣ ಅಂತ ಎರಡನೇ ಡಬ್ಬ ಕಟ್ದೆ, ಎಲ್‌ಇಡಿ ಒಂದೊಂದು ಸಾಲಿಗೆ ಹೋಗ್ತಾ ಸ್ಪೀಕರ್ ಕ, ಚ, ಟ ಅಂತ ಹೇಳುತ್ತೆ, ಬೇಕಾದ ಸಾಲಿಗೆ ಬಂದಾಗ ಒತ್ತೋದು. ಎರಡು ಸೆಕೆಂಡಿಗೊಂದು ಸಾಲು. ಅವಳಿಗೆ ಇದು ತುಂಬಾ ಕಷ್ಟ ಆಯ್ತು, ಈಗ ಒತ್ಬೇಕು ಅನ್ನೋ ಗಡಿಬಿಡೀಲಿ ಮೈ ಬಿಗಿದು, ಕೈ ಹೋಗೋ ಹೊತ್ತಿಗೆ ಸಾಲು ದಾಟಿರೋದು. ತಾನೇ ಓಡೋದನ್ನ ನಿಲ್ಸಿ, ಹಳದಿ ಒತ್ತಿದ್ರೆ ಮುಂದಿನ ಸಾಲು, ಮಂಡೀಲಿ ಕೆಂಪು ಒತ್ತಿದ್ರೆ ಅದೇ ಖಾಯಂ ಅಂತ ಎರಡು ಬಟನ್ನಿಗೆ ಮಾಡ್ದೆ. ಅವಸರ ಇಲ್ಲ, ಅವಳ ಹೊತ್ತಿಗೆ ಅವಳು. ಒತ್ತು ಜಾಸ್ತಿ ಬೇಕು, ಬೇಗ ಸುಸ್ತಾಗ್ತಾಳೆ, ಆದ್ರೂ ಯಾರೂ ಪಕ್ಕದಲ್ಲಿ ಇಲ್ದೇ ಇದ್ದಾಗ ಒಂದು ಪದ ಮಾಡಕ್ಕಾಗುತ್ತೆ. ಅಣ್ಣ ಇದ್ರೆ ಹಾಳೇನೇ ವೇಗ.

ಸ್ಕೂಲಿಗೆ ಡಬ್ಬ ತಗೊಂಡ್ ಹೋಗಕ್ಕೆ ಮೊದ್ಲು ಸ್ವಲ್ಪ ತಕರಾರು ಬಂತು, ಪಾಠದ ಮಧ್ಯ ಸದ್ದು ಮಾಡುತ್ತೆ ಅಂತ. ಜಗಳ ಆಡ್ಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಪ್ರಿಂಟ್ ತಗೊಂಡು ಹೋದ್ವಿ. ಮಾತಿನ ತೊಂದರೆ ಇರೋರಿಗೆ ಮಾತಿಗೆ ಪೂರಕವಾದ ಬೇರೆ ವಿಧಾನಗಳನ್ನ ಪ್ರೋತ್ಸಾಹಿಸ್ಬೇಕು ಅಂತ ಅದರಲ್ಲೇ ಇದೆ, ಪುಸ್ತಕ, ಸಾಧನ 18 ವರ್ಷದ ತನಕ ಉಚಿತವಾಗಿ ಕೊಡ್ಬೇಕು ಅಂತಾನೂ ಇದೆ, ಅದು ಬೆಂಚ್‌ಮಾರ್ಕ್ ಅಂದ್ರೆ ಶೇಕಡ 40ಕ್ಕೆ ಕಡಿಮೆ ಇಲ್ಲದ ವಿಕಲತೆ ಇರೋ ವಿದ್ಯಾರ್ಥಿಗಳಿಗೆ, ಅದಕ್ಕೇ ಯುಡಿಐಡಿ ಕಾರ್ಡು, ಅಂದ್ರೆ ಸರ್ಕಾರ ಕೊಡೋ ವಿಕಲಚೇತನರ ಗುರುತಿನ ಕಾರ್ಡು, ಮಾಡ್ಸಿಟ್ಕೊಳ್ಳಿ. ಕ್ಲಾಸಲ್ಲಿ ವಾಲ್ಯೂಮ್ 30ರಲ್ಲಿ 12ಕ್ಕೆ ಇಡ್ತೀವಿ ಅಂತ ಒಪ್ಪಂದ ಆಯ್ತು. ಈಗ ಹಾಜರಿ ಕೂಗ್ದಾಗ ನೀಲಿ ಬಟನ್ನಲ್ಲಿ "ಬಂದಿದೀನಿ ಮಿಸ್" ಅಂತ ಅವಳೇ ಹೇಳ್ತಾಳೆ. ಸ್ಕೂಲಿಗೆ ಬೇರೆ ಕಾರ್ಡು, ಮನೆಗೆ ಬೇರೆ ಕಾರ್ಡು.

ಮಳೆಗಾಲದ ರಿಪೇರಿ ಹೇಳಿ ಮುಗಿಸ್ತೀನಿ. ಜುಲೈನಲ್ಲಿ ಸಕಲೇಶಪುರದ ಮಳೆ ಗೊತ್ತಲ್ಲ, ಬಟ್ಟೆ ವಾರಗಟ್ಟಲೆ ಒಣಗಲ್ಲ, ಕರೆಂಟು ಹೋದ್ರೆ ಎರಡು ದಿನ. ಅದಕ್ಕೆ ಒಂದು ಸ್ಪೇರ್ ಸೆಲ್ಲು ಯಾವಾಗ್ಲೂ ಚಾರ್ಜ್ ಮಾಡಿಟ್ಟಿರ್ತೀವಿ. ಹಳದಿ ಬಟನ್ ಒಮ್ಮೊಮ್ಮೆ ಕೆಲಸ ಮಾಡ್ತಿಲ್ಲ ಅಂತ ಫೋನ್ ಬಂತು. ಬಿಚ್ಚಿದ್ರೆ ತಾಮ್ರದ ತಂತಿ ಮೇಲೆ ಹಸಿರು ಪಾಚಿ ಥರ. ಅರ್ಧ ತೇವ, ಅರ್ಧ ಜೊಲ್ಲು, ಕ್ಯಾಪಿನ ಸಂದಿಂದ ಒಳಗೆ ಇಳಿದಿದೆ. ಜೊಲ್ಲು ಬರೋದು ಮಗುವಿನ ತಪ್ಪಲ್ಲ, ಅದನ್ನ ಮೊದ್ಲೇ ಲೆಕ್ಕಕ್ಕೆ ತಗೋಬೇಕಿತ್ತು. ದೊಡ್ಡ ಬಲೂನ್ ಕತ್ತರಿಸಿ ಎಳೆದು ಹಾಕ್ದೆ, ಮೂರೇ ದಿನಕ್ಕೆ ಹರೀತು. ಆಮೇಲೆ ಪಾತ್ರೆ ಮುಚ್ಚಕ್ಕೆ ಎಳೆದು ಹಾಕೋ ಸಿಲಿಕೋನ್ ಮುಚ್ಚಳ ಬರುತ್ತಲ್ಲ, ಅದು ಬಟನ್ ಮೇಲೆ ಸರಿಯಾಗಿ ಕೂತಿದೆ, ತೊಳೀಬಹುದು. ಬೆಸುಗೆ ಮೇಲೆಲ್ಲ ನೈಲ್ ಪಾಲಿಶ್, ಒಳಗೆ ಹೊಸ ಚಪ್ಪಲಿ ಡಬ್ಬದಲ್ಲಿ ಬರೋ ಸಿಲಿಕಾ ಪೊಟ್ಟಣ ಎರಡು.

ಸುಟ್ಟಿದ್ದೂ ಸೇರಿ ಮೊದಲ ಡಬ್ಬಕ್ಕೆ 1,600 ರೂಪಾಯಿ ಹತ್ತಿರ ಆಯ್ತು.

ಕಳೆದ ತಿಂಗಳು ಮತ್ತೆ ಫೋನು, ಹಳದಿ ಪೂರ್ತಿ ನಿಂತಿದೆ ಅಂತ. ಈ ಸಲ ತೇವ ಅಲ್ಲ, ತಂತಿ ಅಲ್ಲ. ಎಂಟು ಗಂಟೆ ಜಾಗದ ಮೈಕ್ರೋಸ್ವಿಚ್ಚು, ಅವಳ ಮುಷ್ಟಿ ಬೀಳೋ ಕಡೆದು, ಅದರ ಲಿವರ್ ಸವೆದು ಬಗ್ಗಿ ಹೋಗಿದೆ, ಉಳಿದೆರಡು ಹೊಸದರ ಹಾಗೇ ಇವೆ. ಹದಿನೈದು ರೂಪಾಯಿಂದು ಬದಲಾಯಿಸ್ತಾ ಇದ್ದಾಗ ಪುಟ್ಟಿ ನನ್ನನ್ನೇ ನೋಡ್ತಾ ಮಂಡಿ ಬಡೀತಿದ್ಲು, ಕೆಂಪಿಗೆ ವೈರು ಜೋಡಿಸಿರ್ಲಿಲ್ಲ ಇನ್ನೂ. ಬೇಗ ಮಾಡ್ತೀನಿ ತಡಿ ಪುಟ್ಟಿ ಅಂದೆ. ಬರೋವಾಗ ಸ್ಪೇರ್ ಸ್ವಿಚ್ಚು ಹತ್ತು ಒಂದು ಡಬ್ಬೀಲಿ ಹಾಕಿ ಅವಳ ಅಣ್ಣನಿಗೆ ಕೊಟ್ಟು, ಬೆಸುಗೆ ಹಾಕೋದು ಹೇಳ್ಕೊಟ್ಟು ಬಂದಿದೀನಿ.